ಹಿಂದಿನ ಖೋಲಿಯ ತವರು

ಪಂಚಮಿ ಬಂದರೆ ಅವ್ವ ತವರಿಗೆ ಹೋಗುತ್ತಿದ್ದಳು. ಅವಳ ತವರು ನಮ್ಮ ಮನೆಯ ಹಿಂದಿನ ಖೋಲಿಯಲ್ಲಿತ್ತು. ಹಬ್ಬದ ಹಿಂದಿನ ದಿನ ಅವಳು ಒಳ್ಳೆಯ ಸೀರೆ ಉಟ್ಟು, ಕೈಚೀಲದಲ್ಲಿ ನಮ್ಮ ಬಟ್ಟೆ ತುಂಬಿ, ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, ನನ್ನನ್ನೂ ತಮ್ಮನನ್ನೂ ಕರೆದುಕೊಂಡು ತಲೆಬಾಗಿಲಿನಿಂದ ಹೊರಗೆ ಬರುತ್ತಿದ್ದಳು. ಓಣಿಗೆ ಇಳಿದು, ಗೋಡೆಯ ಗುಂಟ ನಡೆದು, ಮೂಲೆಯಲ್ಲಿದ್ದ ಖಾದರ್ ಕಾಕಾನ ಹಿಟ್ಟಿನ ಗಿರಣಿಯನ್ನು ದಾಟಿ ನಮ್ಮದೇ ಹಿತ್ತಿಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಒಳಗಿನಿಂದ ಆಯಿ ಚರಿಗೆಯಲ್ಲಿ ನೀರು ತಂದು ಕಾಲು ತೊಳೆಯಲು ಕೊಡುತ್ತಿದ್ದಳು. ಹಾದಿ ಸುಖವಾಗಿತ್ತೇ ಎಂದು ಕೇಳುತ್ತಿದ್ದಳು. ಅವ್ವ ಸುಖವಾಗಿತ್ತು ಎನ್ನುತ್ತಿದ್ದಳು. ಹಬ್ಬ ಮುಗಿಯುವವರೆಗೆ ನಾವು ಆ ಖೋಲಿಯಲ್ಲೇ ಉಂಡು, ಅಲ್ಲೇ ಮಲಗುತ್ತಿದ್ದೆವು. ಮುಂದಿನ ಮನೆಯಲ್ಲಿ ಅಪ್ಪನ ತಾಯಿ ಒಬ್ಬಳೇ ಅಡುಗೆ ಮಾಡುತ್ತ, ಸೊಸೆ ತವರಿಗೆ ಹೋದರೆ ಮನೆಯ ಗತಿ ಹೀಗೇ ಎಂದು ಗೋಡೆಯಾಚೆಗೆ ಕೇಳುವಂತೆ ಗೊಣಗುತ್ತಿದ್ದಳು. ಹಬ್ಬ ಕಳೆದ ಮೇಲೆ ಅಪ್ಪ ತಲೆಗೆ ರುಮಾಲು ಸುತ್ತಿ, ಅದೇ ಓಣಿ ಸುತ್ತಿ ಬಂದು, ಹೆಂಡತಿಯನ್ನು ಕರೆದುಕೊಂಡು ಹೋಗುತ್ತಿದ್ದ. ನಮ್ಮೂರು ಶಿರೋಳದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಖಾದರ್ ಕಾಕಾ ಮಾತ್ರ ಪ್ರತಿ ವರ್ಷವೂ ಗಿರಣಿಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

"ತವರಿಗೆ ಹೊಂಟಿಯೇನವಾ? ಬಸ್ಸಿನ್ಯಾಗ ಜಾಗಾ ಸಿಕ್ತೋ ಇಲ್ಲೋ?"

"ನಿಂತಕೊಂಡ ಹೊಂಟೇನಿ ಕಾಕಾ. ಹಬ್ಬದ ಗದ್ದಲ."

ಆಯಿ ಎಂದರೆ ಅವ್ವನ ತಾಯಿ. ಅಪ್ಪನ ತಾಯಿಯನ್ನು ನಾವು ಅಮ್ಮ ಎಂದು ಕರೆಯುತ್ತಿದ್ದೆವು. ಆಯಿಯ ಊರು ಹೊಳೆಯ ಮೇಲ್ಭಾಗದಲ್ಲಿತ್ತು. ಈಗ ಅದರ ಮೇಲೆ ಅಣೆಕಟ್ಟಿನ ನೀರು ನಿಂತಿದೆ. ನಾನು ಹುಟ್ಟಿದ್ದು ಆ ಊರಿನಲ್ಲಿ. ಅವ್ವ ಬಾಣಂತನಕ್ಕೆ ಹೋಗಿದ್ದಾಗ ಊರು ಬಿಡಬೇಕೆಂಬ ಡಂಗುರ ಆಗಲೇ ಆಗಿತ್ತು. ಆದರೆ ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ಪ್ರವಾಹದ ಅಳತೆ ಗೊತ್ತು ಎಂಬ ಧೈರ್ಯವಿತ್ತು. ಹಿಂದಿನ ಯಾವ ಮಳೆಗಾಲದಲ್ಲಿಯೂ ನೀರು ಕೆಳಗಿನ ಓಣಿಯ ಕಟ್ಟೆ ಹತ್ತಿರಲಿಲ್ಲ, ಈ ಸಲವೂ ಹತ್ತುವುದಿಲ್ಲ ಎಂದುಕೊಂಡರು. ಅವರು ಬಲ್ಲದ್ದು ಬಂದು ಹೋಗುವ ನೀರನ್ನು. ಬಂದು ನಿಲ್ಲುವ ನೀರನ್ನು ಯಾರೂ ಕಂಡಿರಲಿಲ್ಲ. ಅದು ಏರತೊಡಗಿದ ದಿನ ಜನ ಬಾಗಿಲು, ತೊಲೆ, ಒಲೆಯ ಮೇಲಿನ ಪಾತ್ರೆ ಎಲ್ಲವನ್ನೂ ಎತ್ತಿನ ಚಕ್ಕಡಿಗೆ ಹೇರಿದರು. ಕೂಸಾಗಿದ್ದ ನನ್ನನ್ನು ಎತ್ತಿಕೊಂಡು ಅವ್ವನೂ ಚಕ್ಕಡಿ ಹತ್ತಿದಳು. ಮಗಳು ತವರಿನಿಂದ ಗಂಡನ ಮನೆಗೆ ಹೊರಡುವಾಗ ಹೊಸ್ತಿಲ ಮೇಲೆ ನಿಲ್ಲಿಸಿ ಸೆರಗಿನಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಖಣ ಇಟ್ಟು ಉಡಿ ತುಂಬಿ ಕಳಿಸಬೇಕು. ಬಾಣಂತಿ ಮಗಳಿಗಂತೂ ತುಂಬಲೇಬೇಕು. ಆ ದಿನ ಅಕ್ಕಿಯ ಚೀಲ ಯಾವ ಚಕ್ಕಡಿಯಲ್ಲಿತ್ತೋ ಯಾರಿಗೂ ಗೊತ್ತಾಗಲಿಲ್ಲ. ಅವ್ವ ಬರಿಯ ಉಡಿಯಲ್ಲಿ ಹೊಸ್ತಿಲು ದಾಟಿದಳು. ಆಯಿ ತನ್ನ ಊರು ಮುಳುಗಿದ ಕಥೆಯನ್ನು ನಮಗೆ ಹೇಳುವಾಗ ಹೊಲವನ್ನಾಗಲಿ ಮನೆಯನ್ನಾಗಲಿ ಹೆಚ್ಚು ನೆನೆಯುತ್ತಿರಲಿಲ್ಲ. ಇದೊಂದನ್ನೇ ಹೇಳುತ್ತಿದ್ದಳು.

ಅವಳ ಮೈದುನ ಬಸಪ್ಪಜ್ಜ ಇನ್ನು ಕೆಲವು ಮನೆಗಳವರೊಂದಿಗೆ ಹಿನ್ನೀರಿನ ಮೇಲಿನ ಗುಡ್ಡದಲ್ಲಿ ಗುಡಿಸಲು ಹಾಕಿಕೊಂಡು ಉಳಿದ. ಆಯಿಯ ಗಂಡ ತೀರಿಹೋಗಿದ್ದ, ಗಂಡುಮಕ್ಕಳಿರಲಿಲ್ಲ. ಅಪ್ಪ ಹೋಗಿ ಕರೆತಂದ. ಮಗಳ ಮನೆಯ ಅನ್ನ ತಿಂದು ಬದುಕುವುದು ಅವಳಿಗೆ ನಾಚಿಕೆಯ ವಿಷಯವಾಗಿತ್ತು. ಅದಕ್ಕೇ ಹಿಂದಿನ ಖೋಲಿಯನ್ನು ಬೇರೆ ಮನೆ ಎಂದು ಎಲ್ಲರೂ ಒಪ್ಪಿಕೊಳ್ಳಬೇಕಾಯಿತು. ಅಲ್ಲಿ ಅವಳದೇ ಒಲೆ, ಅವಳದೇ ಬೀಸುಕಲ್ಲು. ಮುಂದಿನ ಮನೆಗೆ ಕರೆಂಟು ಬಂದಾಗ ಅಪ್ಪ ಹಿಂದಿನ ಖೋಲಿಗೂ ವೈರು ಎಳೆಸಲು ಹೊರಟ. ಆಯಿ ನಡುಮನೆಯ ಹೊಸ ಬಲ್ಬಿನ ಕೆಳಗೆ ನಿಂತು ತಲೆಯೆತ್ತಿ ಬಹಳ ಹೊತ್ತು ನೋಡಿದಳು. ಇದು ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಅಪ್ಪ ನೀರಿನಿಂದ ಎಂದ.

"ಇದು ಯಾರ ಊರಿನ ನೀರಿಂದು, ಅಳಿಯಾರ?"

ಆಯಿ ತನ್ನ ಖೋಲಿಗೆ ಚಿಮಣಿ ದೀಪವೇ ಸಾಕೆಂದಳು. ಪಶ್ಚಿಮದ ಘಟ್ಟದಲ್ಲಿ ಕಟ್ಟಿದ ಕಟ್ಟೆಗಳ ವಿದ್ಯುತ್ತು ಕಂಬದಿಂದ ಕಂಬಕ್ಕೆ ಹಾದು ನಮ್ಮ ಕಪ್ಪು ಮಣ್ಣಿನ ಎರೆಸೀಮೆಯವರೆಗೆ ಬರುತ್ತಿತ್ತೆಂಬುದನ್ನು ನಾನು ಪತ್ರಿಕೆಯ ಕೆಲಸಕ್ಕೆ ಸೇರಿದ ಮೇಲೆ ತಿಳಿದುಕೊಂಡೆ. ಅಂದರೆ ನಮ್ಮ ಮನೆಯಲ್ಲಿ ದೀಪ ಒಂದು ಹೊಳೆಯದು, ಹೊಲಕ್ಕೆ ಬಂದ ಕಾಲುವೆಯ ನೀರು ಆಯಿಯ ಊರು ಮುಳುಗಿಸಿದ ಇನ್ನೊಂದು ಹೊಳೆಯದು. ಎರಡೂ ಕಡೆ ಯಾರೋ ಚಕ್ಕಡಿಗೆ ಬಾಗಿಲು ಹೇರಿದ್ದರು.

ಬಂದ ಸುಖವನ್ನು ಕಡಿಮೆ ಮಾಡಿ ಹೇಳಿದರೆ ಸುಳ್ಳಾಗುತ್ತದೆ. ಗಿರಣಿ ಬರುವ ಮೊದಲು ಅವ್ವ ನಸುಕಿನಲ್ಲಿ ಎದ್ದು ಜೋಳ ಬೀಸುತ್ತಿದ್ದಳು. ಅವಳ ಅಂಗೈಯ ಗಂಟುಗಳು ನನ್ನ ಕೆನ್ನೆಗೆ ಒರಟಾಗಿ ತಾಗುತ್ತಿದ್ದುದು ನೆನಪಿದೆ. ಗಿರಣಿ ಬಂದ ಮೇಲೆ ಆ ಗಂಟುಗಳು ಮೆಲ್ಲಗೆ ಕರಗಿದವು. ಕಾಲುವೆ ಬರುವ ಮೊದಲು ನಮ್ಮ ಹೊಲದಲ್ಲಿ ಜೋಳ, ಕಡಲೆ, ದೇವರು ಮಳೆ ಕೊಟ್ಟರೆ ಹತ್ತಿ. ಬಂದ ಮೇಲೆ ಗೋಧಿ ಬಂತು, ಗೋವಿನಜೋಳ ಬಂತು, ಹತ್ತಿ ಆಳೆತ್ತರ ಬೆಳೆಯಿತು. ರೋಣದ ಪೇಟೆಗೆ ಹೋದ ಅಪ್ಪ ಗಜೇಂದ್ರಗಡದ ನೇಕಾರರ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದ. ಒಂದು ಅವ್ವನಿಗೆ, ಒಂದು ಅಮ್ಮನಿಗೆ, ಬೇಡವೆಂದರೂ ಒಂದು ಆಯಿಗೆ. ನಾನು ಬಲ್ಬಿನ ಕೆಳಗೆ ಓದಿದೆ. ಊರಿನಲ್ಲಿ ನನ್ನ ಓರಗೆಯ ಹುಡುಗಿಯರು ಸಾಲಿ ಬಿಟ್ಟು ಕಳೆ ತೆಗೆಯಲು ಹೋದಾಗ ನಾನು ನರಗುಂದದ ಹೈಸ್ಕೂಲಿಗೆ ಹೋದೆ. ಆ ದುಡ್ಡು ಹತ್ತಿಯದು, ಹತ್ತಿ ನೀರಿನದು, ನೀರು ಆಯಿಯ ಅಂಗಳದ ಮೇಲೆ ನಿಂತದ್ದು. ಮನೆಯಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಊಟಕ್ಕೆ ಕುಳಿತಾಗ ಗೋಧಿ ಹುಗ್ಗಿಯ ಬಟ್ಟಲನ್ನು ಹಿಂದಿನ ಖೋಲಿಗೆ ಮೊದಲು ಕಳಿಸುವುದು ಒಂದು ಪದ್ಧತಿಯಾಗಿ ಬೆಳೆದಿತ್ತು. ಕಳಿಸುವವಳು ಅವ್ವ ಅಲ್ಲ, ಅಮ್ಮ. ಬಟ್ಟಲು ಕಳಿಸಿದ ಮೇಲೆ ಅವಳೇ ಬೀಗತಿಯನ್ನು ಚುಚ್ಚುತ್ತಿದ್ದಳು. ಬೀಗತೇರು ದೀಪ ಒಲ್ಲೆ ಅನ್ನುತ್ತಾರೆ, ಹುಗ್ಗಿ ಒಲ್ಲೆ ಅನ್ನುವುದಿಲ್ಲ ಎಂದು. ಆಯಿ ತಿರುಗಿ, ಹುಗ್ಗಿಗೆ ಬೆಲ್ಲ ಕಡಿಮೆ ಬಿದ್ದಿದೆ ಎಂದು ಹೇಳಿ ಕಳಿಸುತ್ತಿದ್ದಳು.

ನಮ್ಮ ಮನೆಯ ಅಂಗಳದಲ್ಲಿ ಒಂದು ಹಗೇವು ಇತ್ತು. ನೆಲದೊಳಗೆ ಆಳವಾಗಿ ತೋಡಿದ, ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ಕಾಳಿನ ಕಣಜ ಅದು. ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಬರಗಾಲಕ್ಕೆಂದು ಹಿರಿಯರು ಮಾಡಿಟ್ಟದ್ದು. ಕಾಲುವೆ ಬಂದ ಮೇಲೆ ಊರಿನ ಕೆಲವರು ಹಗೇವು ತುಂಬುವುದನ್ನು ನಿಲ್ಲಿಸಿದ್ದರು. ನೆಲ ತೇವವಾಗಿದೆ ಎಂದು ಅವರು ಹೇಳಿದರೆ ಅಮ್ಮ ನಂಬಲಿಲ್ಲ. ಎರೆಭೂಮಿಯ ಹೊಟ್ಟೆ ಒಣಗಿರುತ್ತದೆ, ಅದು ತನ್ನ ಅತ್ತೆಯ ಕಾಲದಿಂದಲೂ ಹಾಗೇ ಇದೆ ಎಂದು ಹಟ ಹಿಡಿದು ತುಂಬಿಸಿದಳು. ಮುಂದಿನ ವರ್ಷ ಚಪ್ಪಡಿ ತೆಗೆದಾಗ ಹುಳಿತ ಹೆಂಡದಂಥ ನಾತ ಓಣಿಯ ತುದಿಯವರೆಗೆ ಹಬ್ಬಿತು. ಅಪ್ಪ ಕಂದೀಲು ಇಳಿಬಿಟ್ಟು ನೋಡಿದ. ತಳದಲ್ಲಿ ನೀರು ಹೊಳೆಯುತ್ತಿತ್ತು. ಹೊಲಗಳಿಗೆ ಹಾಯಿಸಿದ್ದ ನೀರು ನೆಲದೊಳಗೆ ಏರುತ್ತ ಏರುತ್ತ ನಮ್ಮ ಅಂಗಳದ ಕೆಳಗೆ ಬಂದು ನಿಂತಿತ್ತು. ಬುಟ್ಟಿಗಟ್ಟಲೆ ಕಪ್ಪಾದ ಜೋಳವನ್ನು ಎತ್ತಿ ತಿಪ್ಪೆಗೆ ಸುರಿದರು. ದನಗಳೂ ಮೂಸಲಿಲ್ಲ. ಅಮ್ಮ ಹಗೇವಿನ ಬಾಯಿಯ ಪಕ್ಕ ಕಾಲು ಚಾಚಿ ಕುಳಿತಿದ್ದಳು. ಆಯಿ ತನ್ನ ಖೋಲಿಯಿಂದ ಬಂದು ಅವಳ ಪಕ್ಕ ಕುಳಿತಳು.

"ನಮ್ಮೂರಿಗೆ ಮ್ಯಾಲಿಂದ ಬಂತು, ಬೀಗತೇರ. ನಿಮ್ಮ ಮನಿಗೆ ಕೆಳಗಿಂದ ಬಂತು."

ಅವಳು ಕುಹಕಕ್ಕೆ ಹೇಳಲಿಲ್ಲ. ಅಮ್ಮನೂ ಹಾಗೆ ತಿಳಿಯಲಿಲ್ಲ. ಆ ಮೇಲೆ ಅಮ್ಮ ದೀಪದ ವಿಷಯಕ್ಕೆ ಆಯಿಯನ್ನು ಚುಚ್ಚಿದ್ದನ್ನು ನಾನು ಕೇಳಲಿಲ್ಲ.

ಹಗೇವು ಹಾಳಾದ ಮುಂದಿನ ವರ್ಷ ಮಳೆ ಕೈಕೊಟ್ಟಿತು. ಅಣೆಕಟ್ಟು ತುಂಬಲಿಲ್ಲ. ಬೇಸಿಗೆ ಕಾಲಿಡುವ ಹೊತ್ತಿಗೆ ಕಾಲುವೆ ಒಣಗಿ ಅದರ ತಳದಲ್ಲಿ ಹುಡುಗರು ಗೋಲಿ ಆಡುತ್ತಿದ್ದರು. ನಮ್ಮ ಕಡೆಯ ಹೊಲಗಳಲ್ಲಿ ಶೇಂಗಾ ಹೂವು ಬಿಟ್ಟು ನಿಂತಿತ್ತು, ಒಂದು ಸಲ ನೀರು ಸಿಕ್ಕರೆ ಬೆಳೆ ಕೈಗೆ ಬರುವಂತಿತ್ತು. ಅಪ್ಪ ಊರಿನಲ್ಲಿ ನೀರಿನ ಸಲುವಾಗಿ ಓಡಾಡುವ ಮನುಷ್ಯ. ಮೇಲಿನ ಊರಿನವರು ತೂಬು ಮುರಿದರೆ ಜಗಳಕ್ಕೆ ಹೋಗುವವನು, ಪಾಳಿ ತಪ್ಪಿದರೆ ಅಧಿಕಾರಿಗಳ ಮುಂದೆ ನಿಲ್ಲುವವನು. ಜನ ಅವನನ್ನು ಮುಂದೆ ಮಾಡಿಕೊಂಡು ನೀರು ಬಿಡಿ ಎಂದು ಕೇಳಲು ಹೊರಟರು. ಅದೇ ವಾರ ಬಸಪ್ಪಜ್ಜ ಶಿರೋಳಕ್ಕೆ ಬಂದ. ಹಿನ್ನೀರು ಇಳಿದು ಮೇಲಿನ ಓಣಿಯ ಗೋಡೆಗಳೆಲ್ಲ ಎದ್ದಿವೆ, ಇನ್ನಷ್ಟು ಇಳಿದರೆ ಕೆಳಗಿನ ಓಣಿಯೂ ಏಳುತ್ತದೆ, ನಿಮ್ಮ ಮನೆಯ ಹೊಸ್ತಿಲಿನ ಕಲ್ಲು ಕಾಣುತ್ತದೆ ಎಂದು ಆಯಿಗೆ ಹೇಳಿದ. ಮೇಲಿನ ಓಣಿ ಬೇಸಿಗೆಯಲ್ಲಿ ಏಳುವುದು ಹೊಸದಲ್ಲ. ಕೆಳಗಿನ ಓಣಿ ಮುಳುಗಿದ ಮೇಲೆ ಒಮ್ಮೆಯೂ ಎದ್ದಿರಲಿಲ್ಲ.

ಆಯಿ ಆ ರಾತ್ರಿ ಉಣ್ಣಲಿಲ್ಲ ಎಂದು ಅವ್ವ ಮುಂದೆ ಎಷ್ಟೋ ವರ್ಷಗಳ ಮೇಲೆ ಹೇಳಿದಳು. ಬೆಳಿಗ್ಗೆ ಅವಳು ಹಿಂದಿನ ಖೋಲಿಯಿಂದ ಮುಂದಿನ ಮನೆಗೆ ಬಂದು, ಬಾಗಿಲ ಮರೆಯಲ್ಲಿ ನಿಂತು ಅಳಿಯನನ್ನು ಮಾತನಾಡಿಸಿದಳು. ಮಗಳಿಗೆ ಆ ಹೊಸ್ತಿಲ ಮೇಲೆ ಉಡಿ ತುಂಬಬೇಕು, ತಾನು ಇರುವುದರೊಳಗೆ ಅದೊಂದು ಆಗಬೇಕು ಎಂದಳು. ಅಪ್ಪ ಚಹಾ ಕುಡಿಯುತ್ತಿದ್ದವನು ಬಟ್ಟಲನ್ನು ಕೆಳಗಿಟ್ಟ. ನೀರು ಇನ್ನೂ ಇಳಿಯಬೇಕಲ್ಲ ಎಂದ.

"ಅದಕ್ಕ ಹೇಳಾಕ ಬಂದೇನಿ. ನೀವು ನೀರು ಲಗೂ ಬಿಡಿಸ್ರಿ, ಅಳಿಯಾರ. ನಿಮ್ಮ ಕಾಲವಿಗೆ ಬಂದಷ್ಟೂ ನನ್ನ ಹೊಸ್ತಿಲು ಮ್ಯಾಲ ಬರತೈತಿ."

ಕಾಲುವೆಯ ನೀರು ಎಂದರೆ ಮುಖ ತಿರುಗಿಸುತ್ತಿದ್ದ ಹೆಂಗಸು ನೀರು ಬಿಡಿಸಿ ಎಂದು ಕೈಮುಗಿದಿದ್ದಳು. ಅಪ್ಪ ಅವಳ ಮುಖವನ್ನು ನೋಡಲಾರದೆ ಆಗಲಿ ಎಂದು ಎದ್ದು ಹೋದ.

ಅವರು ಹೋದರು, ಧರಣಿ ಕುಳಿತರು, ತಿರುಗಿ ಬಂದರು, ಮತ್ತೆ ಹೋದರು. ಕೊನೆಗೆ ಅಣೆಕಟ್ಟಿನ ಗೇಟು ತೆರೆಯಿತು. ಕಾಲುವೆಗೆ ನೀರು ಬರುವ ದಿನ ನಮ್ಮ ಊರಿನಲ್ಲಿ ಒಂದು ಪದ್ಧತಿಯಿದೆ. ಹೊಸ ನೀರು ಗಂಗವ್ವ, ಊರಿಗೆ ಬಂದ ಹೆಣ್ಣುಮಗಳು, ಅವಳಿಗೆ ಉಡಿ ತುಂಬಬೇಕು. ನೀರು ತರಲು ಮುಂದೆ ನಿಂತವರ ಮನೆಯ ಹಿರಿಯ ಸೊಸೆ ತುಂಬಬೇಕು. ಆ ವರ್ಷ ಅದು ಅವ್ವನ ಪಾಲಿಗೆ ಬಂತು. ಅವಳು ಹಸಿರು ಖಣ, ಬಳೆ, ಅರಿಸಿನ ಕುಂಕುಮ, ಅಕ್ಕಿ, ಬೆಲ್ಲ ಎಲ್ಲವನ್ನೂ ಮೊರದಲ್ಲಿ ಇಟ್ಟುಕೊಂಡು ಕಾಲುವೆಯ ದಂಡೆಗೆ ಹೋದಳು. ನಾನು ಅವಳ ಸೆರಗು ಹಿಡಿದುಕೊಂಡಿದ್ದೆ. ಕಸಕಡ್ಡಿ, ನೊರೆ ಹೊತ್ತ ಕೆಂಪು ನೀರಿನ ಮೊದಲ ನಾಲಿಗೆ ಒಣಗಿದ ತಳದ ಮೇಲೆ ಹರಿದುಬಂದಾಗ ಹೆಂಗಸರು ಹಾಡಿದರು. ಅವ್ವ ಬಾಗಿ ಖಣವನ್ನು ನೀರಿಗೆ ಬಿಟ್ಟಳು. ನಮ್ಮ ಶೇಂಗಾ ಉಳಿಯಿತು.

ಸ್ವಲ್ಪ ದಿನಕ್ಕೆ ಬಸಪ್ಪಜ್ಜನಿಂದ ಹೇಳಿಕೆ ಬಂತು, ಹೊಸ್ತಿಲು ಎದ್ದಿದೆ ಎಂದು. ಖಾದರ್ ಕಾಕಾ ತನ್ನ ಅಣ್ಣನ ಮಟಾಡೋರು ಗಾಡಿ ತಂದ. ಅಪ್ಪ, ಅವ್ವ, ಆಯಿ, ನಾನು, ತಮ್ಮ ನಸುಕಿಗೆ ಹೊರಟೆವು. ಖಾದರ್ ಕಾಕಾ ಈ ಸಲವಾದರೂ ನಿಜವಾದ ತವರಿಗೆ ಬಸ್ಸು ಸಿಕ್ಕಿತೆಂದು ಅವ್ವನನ್ನು ಚಾಷ್ಟಿ ಮಾಡಿದ. ಅವ್ವ ನಕ್ಕಳು. ನರಗುಂದದ ಗುಡ್ಡ ಹಿಂದೆ ಬಿದ್ದ ಮೇಲೆ ಎರೆಭೂಮಿ ಕಳೆದು ಕೆಂಪು ಕಲ್ಲಿನ ನೆಲ ಬಂತು. ಬಿಸಿಲು ಏರುವ ಹೊತ್ತಿಗೆ ನಾವು ಗುಡ್ಡದ ಮೇಲಿನ ಗುಡಿಸಲುಗಳ ಮುಂದೆ ಇಳಿದೆವು. ತಲೆಯ ಮೇಲೆ ದಪ್ಪ ವಿದ್ಯುತ್ ತಂತಿಗಳು ಗುಡ್ಡದಿಂದ ಗುಡ್ಡಕ್ಕೆ ಹಾದುಹೋಗಿದ್ದವು. ಗುಡಿಸಲುಗಳಿಗೆ ದೀಪವಿರಲಿಲ್ಲ. ಕೆಳಗೆ ನೋಡಿದರೆ, ಬಿರುಕು ಬಿಟ್ಟ ಕೆಸರಿನ ಬಯಲು ದೂರದವರೆಗೂ ಹಾಸಿತ್ತು. ಅದರ ನಡುವೆ ಒಂದು ಊರಿನ ಗೋಡೆಗಳು ಮೊಣಕಾಲೆತ್ತರಕ್ಕೆ ನಿಂತಿದ್ದವು. ಅದರಾಚೆ ಎಲ್ಲೋ, ಬೆಳ್ಳನೆಯ ಗೆರೆಯ ಹಾಗೆ ನೀರು. ಆ ಬಯಲಿನಲ್ಲಿ ಹೆಂಗಸರ ಸಾಲೊಂದು ತಲೆಯ ಮೇಲೆ ಕೊಡ ಹೊತ್ತು ನಮ್ಮ ಕಡೆಗೆ ಬರುತ್ತಿತ್ತು. ಅವರು ಎಷ್ಟು ದೂರದಲ್ಲಿದ್ದರೆಂದರೆ, ನಡೆಯುತ್ತಿದ್ದಾರೆಂಬುದು ತಿಳಿಯಲು ಬಹಳ ಹೊತ್ತು ನೋಡಬೇಕಾಗಿತ್ತು.

ಬಸಪ್ಪಜ್ಜನ ಹೆಂಡತಿ ಗೌರವ್ವ ಗುಡಿಸಲಿನಿಂದ ಹಿತ್ತಾಳೆಯ ಚರಿಗೆ ತಂದು ಅಪ್ಪನ ಮುಂದೆ ಇಟ್ಟಳು. ಬಂದವರಿಗೆ ಕಾಲಿಗೆ ನೀರು ಕೊಡದೆ ಒಳಗೆ ಕರೆಯುವುದಿಲ್ಲ, ಅದರಲ್ಲೂ ಅಪ್ಪ ಆ ಊರಿನ ಅಳಿಯ. ಚರಿಗೆ ಬಾಯಿಯವರೆಗೆ ತುಂಬಿತ್ತು. ಅಪ್ಪ ಅದನ್ನು ಎತ್ತಿಕೊಂಡ, ಸುರಿದುಕೊಳ್ಳಲಿಲ್ಲ. ಕೆಳಗಿನ ಬಯಲನ್ನು ನೋಡಿದ. ನೀರು ಅಷ್ಟು ದೂರ ಯಾವಾಗ ಹೋಯಿತು ಎಂದು ಕೇಳಿದ. ಬಸಪ್ಪಜ್ಜನಿಗೆ ಅಳಿಯನ ಓಡಾಟದ ಸುದ್ದಿ ಗೊತ್ತಿದ್ದಿರಬೇಕು, ಅವನು ರುಮಾಲು ಸರಿಪಡಿಸಿಕೊಂಡ. ಗೌರವ್ವನಿಗೆ ಗೊತ್ತಿರಲಿಲ್ಲ.

"ನಿನ್ನೆ ಮೊನ್ನೆತನಕ ಇಲ್ಲೇ ಗುಡ್ಡದ ಬುಡಕ ಇತ್ತರಿ. ಕೆಳಗಿನ ಸೀಮಿಯವರು ಯಾರೋ ಜಗಳಾ ಮಾಡಿ ಬಿಡಿಸ್ಯಾರಂತ. ಅವರಿಗೂ ಬೆಳಿ ಇರ್ತಾವ ಬಿಡ್ರಿ. ತೊಳಕೋರಿ ಅಳಿಯಾರ, ಬಿಸಲಾಗ ಬಂದೀರಿ."

ಅಪ್ಪ ಕಾಲ್ಬೆರಳ ತುದಿ ಒದ್ದೆಯಾಗುವಷ್ಟು ಸುರಿದುಕೊಂಡು ಚರಿಗೆಯನ್ನು ತಿರುಗಿ ಕೊಡಲು ಹೋದ. ಗೌರವ್ವನ ಮುಖ ಸಣ್ಣದಾಯಿತು. ನಮ್ಮ ಮನೆಯ ನೀರಿಗೆ ಏನಾಗಿದೆ ಎಂದಳು. ಬಡವರಾದರೂ ಅಳಿಯನ ಕಾಲಿಗೆ ನೀರು ಕೊಡದಷ್ಟು ಬಡವರಲ್ಲ ಎಂದಳು. ಅಪ್ಪ ಅವ್ವನ ಕಡೆಗೆ ನೋಡಿದ. ಅವ್ವ ನೆಲ ನೋಡುತ್ತಿದ್ದಳು. ಆಗ ಅವನು ಚರಿಗೆಯನ್ನು ಎತ್ತಿ, ಎರಡೂ ಕಾಲುಗಳನ್ನು ಹಿಮ್ಮಡಿಯವರೆಗೆ, ತಿಕ್ಕಿ, ಪೂರ್ತಿಯಾಗಿ ತೊಳೆದುಕೊಂಡ. ನೀರು ಕೆಂಪು ಮಣ್ಣಿನಲ್ಲಿ ಇಂಗಿಹೋಯಿತು. ಅವನು ಸಾಮಾನ್ಯವಾಗಿ ಎರಡು ಸಲ ಸುರಿದುಕೊಂಡು ಒಳಗೆ ಬರುವವನು. ಅಷ್ಟು ನಿಧಾನವಾಗಿ ಕಾಲು ತೊಳೆದುಕೊಂಡದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಬಿಸಿಲು ಇಳಿದ ಮೇಲೆ ಎಲ್ಲರೂ ಕೆಳಗಿನ ಓಣಿಗೆ ಇಳಿದೆವು. ಆಯಿ ಯಾರ ಕೈಯನ್ನೂ ಹಿಡಿಯದೆ ಮುಂದೆ ನಡೆದಳು. ಗೋಡೆಯ ಬುಡಗಳ ನಡುವೆ ಇದು ಬಡಿಗೇರರ ಮನೆ, ಇದು ಬಾವಿ, ಇಲ್ಲಿ ನಿನ್ನ ಅವ್ವ ಬಿದ್ದು ಮೊಣಕಾಲು ಕೆತ್ತಿಕೊಂಡಿದ್ದಳು ಎಂದು ನನಗೆ ಹೇಳುತ್ತಿದ್ದಳು. ನೀರಿನ ಹುಳುಗಳ ಚಿಪ್ಪು ಅಂಟಿದ ಒಂದು ಕಲ್ಲಿನ ಮುಂದೆ ನಿಂತಳು. ಸೆರಗಿನಿಂದ ಅದರ ಮೇಲಿನ ಕೆಸರು ಒರೆಸಿದಳು. ಗಂಡ ಸತ್ತವಳಾದ್ದರಿಂದ ಅವಳು ಉಡಿಯನ್ನು ತನ್ನ ಕೈಯಾರೆ ತುಂಬುವಂತಿರಲಿಲ್ಲ. ಅವ್ವನನ್ನು ಕಲ್ಲಿನ ಮೇಲೆ ನಿಲ್ಲಿಸಿ, ದೂರ ಸರಿದು ನಿಂತು, ಗೌರವ್ವನಿಗೂ ಗುಡ್ಡದ ಹೆಂಗಸರಿಗೂ ಮೊದಲು ಏನು, ಆಮೇಲೆ ಏನು ಎಂದು ಹೇಳುತ್ತ ಹೋದಳು. ಎರಡನೆಯ ಸಲ ಕೊಡ ಹೊತ್ತು ಆಗಷ್ಟೇ ಹತ್ತಿ ಬಂದಿದ್ದ ಹೆಂಗಸರೇ ಅವರು, ಸೀರೆಯ ಅಂಚಿಗೆ ಕೆಸರು ಇನ್ನೂ ಹಸಿಯಾಗಿತ್ತು. ತಮ್ಮ ಊರಿನ ಮಗಳೆಂದು ಒಬ್ಬೊಬ್ಬರೂ ಮನೆಯಿಂದ ಒಂದು ಹಿಡಿ ಅಕ್ಕಿ ತಂದಿದ್ದರು. ಒಬ್ಬಳ ಮನೆಯಲ್ಲಿ ಅಕ್ಕಿ ಇರಲಿಲ್ಲ, ನವಣೆ ತಂದಿದ್ದಳು. ಅವ್ವನ ಸೆರಗು ತುಂಬಿ ಭಾರವಾಗಿ, ಅವಳು ಅದನ್ನು ಎರಡೂ ಕೈಗಳಿಂದ ಹಿಡಿದುಕೊಳ್ಳಬೇಕಾಯಿತು. ಅವಳು ಅತ್ತಳು. ಹೆಂಗಸರು ತವರು ಬಿಡುವಾಗ ಅಳುವುದು ರೂಢಿ ಎಂದು ಅವರು ತಿಳಿದರು.

ತಿರುಗಿ ಹೊರಡುವಾಗ ಆಯಿ ಮಟಾಡೋರು ಹತ್ತಲಿಲ್ಲ. ಯಾರಿಗೂ ಮೊದಲು ಹೇಳಿರಲಿಲ್ಲ. ಮೈದುನನ ಮನೆ ತನ್ನ ಮನೆ, ಇಲ್ಲಿ ಮಗಳ ಅನ್ನದ ಮಾತಿಲ್ಲ, ಪಂಚಮಿಗೆ ಮಗಳು ಓಣಿ ಸುತ್ತುವುದು ಬೇಡ, ಇಲ್ಲಿಗೇ ಬರಲಿ ಎಂದಳು. ಅವ್ವ ಬೇಡಿಕೊಂಡಳು. ಈ ವಯಸ್ಸಿನಲ್ಲಿ ಅಷ್ಟು ದೂರದಿಂದ ನೀರು ಹೊರುತ್ತೀಯಾ ಎಂದು ಕೇಳಿದಳು. ಅಪ್ಪ ಮಾತಾಡಲು ಬಾಯಿ ತೆರೆದ. ಆಯಿ ಅವನನ್ನು ತಡೆದಳು.

"ನೀವು ನನ್ನ ಛಲೋ ಇಟ್ಟೀರಿ, ಅಳಿಯಾರ. ನಿಮ್ಮ ಮ್ಯಾಲ ನಂದೇನೂ ಇಲ್ಲ. ಇಲ್ಲೇ ಕೂತ್ರ ಹೊಸ್ತಿಲು ಎಲ್ಲಿ ಐತಿ ಅಂತನಾದ್ರೂ ಗೊತ್ತಿರತೈತಿ."

ನಿಮ್ಮ ಮೇಲೆ ನನ್ನದೇನೂ ಇಲ್ಲ ಎಂಬ ಆ ಮಾತನ್ನು ಅಪ್ಪ ಹಾದಿಯುದ್ದಕ್ಕೂ ಯಾರಿಗೋ ಉತ್ತರಿಸುವವನ ಹಾಗೆ ತುಟಿಯಲ್ಲಿ ಆಡಿಸುತ್ತಿದ್ದ. ಖಾದರ್ ಕಾಕಾ ಒಮ್ಮೆ ಮಾತ್ರ ಅವನ ಕಡೆಗೆ ತಿರುಗಿ ನೋಡಿ ಮತ್ತೆ ರಸ್ತೆ ನೋಡಿದ.

ಪತ್ರಿಕೆಯಲ್ಲಿ ನಾನು ಕೆಲಸ ಮಾಡಿದ ವರ್ಷಗಳಲ್ಲಿ ನೀರು ಬಿಡುವ ಸುದ್ದಿ ಪ್ರತಿ ಬೇಸಿಗೆಯಲ್ಲೂ ನನ್ನ ಮೇಜಿಗೆ ಬರುತ್ತಿತ್ತು. ರೈತರಲ್ಲಿ ಹರ್ಷ ಎಂಬ ತಲೆಬರಹ ಸತ್ಯವೇ ಆಗಿರುತ್ತಿತ್ತು. ಕಾಲುವೆಯ ಊರುಗಳಲ್ಲಿ ನಮ್ಮ ಸುದ್ದಿಗಾರರಿದ್ದರು, ಹಿನ್ನೀರಿನ ಗುಡ್ಡಗಳಲ್ಲಿ ಇರಲಿಲ್ಲ. ಅಣೆಕಟ್ಟಿನಿಂದ ಸಿಕ್ಕಿದ್ದನ್ನು ಅಳೆಯುವುದು ಸುಲಭ. ಎಷ್ಟು ಎಕರೆ ಹಸಿರಾಯಿತು, ಎಷ್ಟು ಊರಿಗೆ ದೀಪ ಬಂತು ಎಂದು ಯಾರಾದರೂ ಹೇಳುತ್ತಾರೆ. ಹೋದದ್ದು ಒಂದೇ ಕಡೆ ಇರುವುದಿಲ್ಲ. ಅದು ಗುಡ್ಡದ ಹೆಂಗಸರ ತಲೆಯ ಮೇಲಿರುತ್ತದೆ. ಕಟ್ಟೆಯ ಕೆಳಗೆ ಮಳಲಾಗಿ ಬಿದ್ದಿರುವ ಹೊಳೆಯಲ್ಲಿರುತ್ತದೆ. ಈಗ ನನ್ನ ತಮ್ಮ ಮಾಡುತ್ತಿರುವ ನಮ್ಮ ಹೊಲದ ಒಂದು ಮೂಲೆ ಪ್ರತಿ ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ನೀರು ಹೆಚ್ಚಾಗಿ ಸವಳು ಎದ್ದ ನೆಲ ಅದು, ಅಲ್ಲಿ ಕಸವೂ ಹುಟ್ಟುವುದಿಲ್ಲ. ಹೆಚ್ಚಾದ ನೀರನ್ನು ಹೊರಗೆ ಹಾಕಲು ತಮ್ಮ ಈಗ ನೆಲದೊಳಗೆ ಪೈಪು ಹೂಳಿಸಿದ್ದಾನೆ. ಒಳಗೆ ತರಲು ಅಪ್ಪ ಎಷ್ಟು ಓಡಾಡಿದ್ದನೋ ಹೊರಗೆ ಹಾಕಲು ಅವನು ಅಷ್ಟೇ ಓಡಾಡುತ್ತಾನೆ. ಅಣೆಕಟ್ಟು ಬೇಡವಾಗಿತ್ತೇ ಎಂದು ನನ್ನನ್ನು ಕೇಳಿದರೆ, ಹೈಸ್ಕೂಲು ಕಲಿತ ನಾನು ಹೌದು ಎನ್ನಲಾರೆ. ಬೇಕಾಗಿತ್ತೇ ಎಂದು ಕೇಳಿದರೂ, ಕೂಸಾಗಿ ಆ ಚಕ್ಕಡಿಯಲ್ಲಿ ಬಂದ ನಾನು ಹೌದು ಎನ್ನಲಾರೆ.

ಆಯಿ ಗುಡ್ಡದಲ್ಲಿ ಉಳಿದ ಮೇಲಿನ ಮೊದಲ ಬೇಸಿಗೆಯಲ್ಲೂ ಕಾಲುವೆ ಒಣಗಿತು. ನಡುವಿನ ಪಂಚಮಿಗೆ ನಾವು ಗುಡ್ಡಕ್ಕೆ ಹೋಗಿ ಬಂದಿದ್ದೆವು. ಆಗ ನೀರು ಗುಡಿಸಲುಗಳ ಹತ್ತಿರವೇ ಇತ್ತು, ಆಯಿ ಚೆನ್ನಾಗಿದ್ದಳು. ಈಗ ಅದು ಮತ್ತೆ ದೂರ ಸರಿಯುತ್ತಿದೆ ಎಂದು ಹೇಳಿಕೆ ಬಂದಿತ್ತು. ಒಂದು ಮುಂಜಾನೆ ಊರಿನ ಹಿರಿಯರು ನಮ್ಮ ಪಡಸಾಲೆಯಲ್ಲಿ ಬಂದು ಕುಳಿತರು. ಶೇಂಗಾ ಬಾಡುತ್ತಿದೆ, ಹೊರಡಬೇಕು, ನೀನು ಮುಂದಾಗಬೇಕು ಎಂದರು. ಅಪ್ಪ ಅವರಿಗೆ ಚಹಾ ಹೇಳಿ ಒಳಗೆ ಬಂದ. ಅವ್ವ ಒಲೆಯ ಮುಂದಿದ್ದಳು. ನಾನು ಬಟ್ಟಲು ತೊಳೆಯುತ್ತಿದ್ದೆ. ಅಪ್ಪ ಹೊರಗಿನ ಕೆಲಸಕ್ಕೆ ಅವ್ವನ ಒಪ್ಪಿಗೆ ಕೇಳಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

"ಏನ್ ಮಾಡ್ಲಿ? ಬರಾಂಗಿಲ್ಲ ಅಂತ ಹೇಳ್ಲೇನು?"

ಅವ್ವ ಚಹಾ ಸೋಸುವುದನ್ನು ಮುಗಿಸಿದಳು.

"ಹೋಗ್ರಿ. ನೀವು ಹೋಗದಿದ್ರ ಮತ್ತೊಬ್ಬರು ಹೋಗ್ತಾರ. ಊರ ಬೆಳಿ ಒಣಗಿದ್ರ ನಮ್ಮವ್ವಗೇನು ನೀರು ಹತ್ರ ಬರೂದಿಲ್ಲ. ಹೋಗಿ ಬಿಡಿಸ್ರಿ. ಆದ್ರ ಆ ದಿವಸ ಉಡಿ ತುಂಬಾಕ ನನ್ನ ಕರೀಬ್ಯಾಡ್ರಿ."

ಅಪ್ಪ ಹೋದ. ಗೇಟು ತೆರೆಯಿತು. ನೀರು ಬಂದ ದಿನ ಹೆಂಗಸರು ಕಾಲುವೆಯ ದಂಡೆಯಲ್ಲಿ ಅವ್ವನ ದಾರಿ ಕಾಯ್ದರು. ಅಮ್ಮ ಅವ್ವನನ್ನು ಬೈಯುತ್ತಾಳೆಂದು ನಾನು ಅಂದುಕೊಂಡಿದ್ದೆ. ಅವಳು ಬೈಯಲಿಲ್ಲ, ಹೊರಗೆ ಹೋಗಿ ಸೊಸೆಗೆ ಮೈಯಲ್ಲಿ ಆರಾಮಿಲ್ಲ ಎಂದು ಹೇಳಿ ಬಂದಳು. ಬೇರೆ ಮನೆಯ ಸೊಸೆ ಉಡಿ ತುಂಬಿದಳು. ಹಾಡು ನಮ್ಮ ಅಂಗಳದವರೆಗೆ ಕೇಳಿಸುತ್ತಿತ್ತು. ಅಪ್ಪ ತಲೆಬಾಗಿಲಲ್ಲಿ ಕುಳಿತಿದ್ದ, ದಂಡೆಗೆ ಹೋಗಲಿಲ್ಲ. ಸಂಜೆಯಾದ ಮೇಲೆ, ದಂಡೆ ಖಾಲಿಯಾದ ಮೇಲೆ, ಅವ್ವ ಕೊಡ ತೆಗೆದುಕೊಂಡು ಹೋಗಿ ಕಾಲುವೆಯಿಂದ ನೀರು ತಂದಳು. ಮನೆಯಿಂದ ದಂಡೆಗೆ ಹೋಗಿ ಬರಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಟ್ಟೆಯಲ್ಲಿ ಸೋಸಿ, ಒಲೆಗೆ ಎಸರಿಟ್ಟು, ಅಕ್ಕಿ ಹಾಕಿದಳು. ಎಲ್ಲರಿಗೂ ಬಡಿಸಿದಳು. ತಾನೂ ನಮ್ಮ ಜೊತೆ ಕುಳಿತಳು. ಹಸಿವಾಗಿತ್ತು, ಉಂಡೆವು.